ಜೇಡವನ್ನೇ ಕೇಳಿದ ಮೇಷ್ಟ್ರು

ಮಕ್ಕಳೇ, ನಾಳೆ ಬೆಳಿಗ್ಗೆ ಶಾಲೆಗೆ ಬರುವಾಗ ದಾರಿಯ ಬೇಲಿಯನ್ನು ಒಮ್ಮೆ ಗಮನಿಸಿ. ರಾತ್ರಿ ಇಬ್ಬನಿ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಎರಡು ಗಿಡಗಳ ನಡುವೆ ಗಾಡಿಯ ಚಕ್ರದಂತಹ ಬಲೆಯೊಂದು ಹನಿಗಳನ್ನು ಹೊತ್ತು ಹೊಳೆಯುತ್ತಿರಬಹುದು. ಅದರ ನಡುವೆ ಜೇಡ ತಲೆಕೆಳಗಾಗಿ ಕುಳಿತಿರಬಹುದು. ಹಾರಿ ಬಂದ ನೊಣ ಆ ಬಲೆಗೆ ತಾಗಿದರೆ ಸಾಕು, ಅಂಟಿಕೊಂಡುಬಿಡುತ್ತದೆ. ಎಷ್ಟು ಒದ್ದಾಡಿದರೂ ಬಿಡಿಸಿಕೊಳ್ಳಲಾಗದು. ಆದರೆ ಅದೇ ಬಲೆಯ ಮೇಲೆ ಜೇಡ ಮಾತ್ರ ಸರಸರನೆ ಓಡಾಡುತ್ತದೆ. ಅದೇಕೆ ಅಂಟಿಕೊಳ್ಳುವುದಿಲ್ಲ?

ಈ ಪ್ರಶ್ನೆ ನಿಮಗೆ ಬಂದರೆ ಯಾರನ್ನು ಕೇಳುತ್ತೀರಿ? ನಿಮ್ಮ ಮೇಷ್ಟ್ರನ್ನು ಕೇಳಬಹುದು, ಇಲ್ಲವೇ ಪುಸ್ತಕದಲ್ಲಿ ಹುಡುಕಬಹುದು. ಫ್ರಾನ್ಸ್ ದೇಶದಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರು ಈ ಪ್ರಶ್ನೆಯನ್ನು ಜೇಡವನ್ನೇ ಕೇಳಿದರು! ಜೇಡಕ್ಕೆ ಮಾತು ಬಾರದು, ನಿಜ. ಆದರೆ ಕೇಳುವ ರೀತಿಯಲ್ಲಿ ಕೇಳಿದರೆ ಅದೂ ಉತ್ತರ ಕೊಡುತ್ತದೆ. ಹೇಗೆಂದು ತಿಳಿಯಲು ಆ ಮೇಷ್ಟ್ರ ಬದುಕಿನ ಕಥೆಯನ್ನು ಓದೋಣ. ಅವರ ಹೆಸರು ಜೀನ್ ಹೆನ್ರಿ ಫಾಬ್ರೆ.

ಸೂರ್ಯ ಕಾಣುವುದು ಯಾವುದರಿಂದ?

ಫಾಬ್ರೆ ಹುಟ್ಟಿದ್ದು 1823ರ ಡಿಸೆಂಬರ್ ತಿಂಗಳಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯಾನ್ಸ್ ಎಂಬ ಹಳ್ಳಿಯಲ್ಲಿ. ತಂದೆತಾಯಿ ಬಡವರು. ಆದ್ದರಿಂದ ಮಗುವನ್ನು ಕೆಲವು ವರ್ಷ ಅಜ್ಜ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಅಜ್ಜನದು ದನ ಕುರಿಗಳಿದ್ದ ಒಂಟಿ ಮನೆ. ಸುತ್ತಲೂ ಬೆಟ್ಟದ ಹುಲ್ಲುಗಾವಲು.

ಐದಾರು ವರ್ಷದ ಹುಡುಗನಿಗೆ ಒಂದು ದಿನ ವಿಚಿತ್ರ ಪ್ರಶ್ನೆ ಹುಟ್ಟಿತು. ಸೂರ್ಯನ ಬೆಳಕು ತನಗೆ ಗೊತ್ತಾಗುವುದು ಬಾಯಿಯಿಂದಲೋ, ಕಣ್ಣಿನಿಂದಲೋ? ನಗಬೇಡಿ. ಅವನು ಯಾರನ್ನೂ ಕೇಳಲಿಲ್ಲ. ಬಾಯಿ ತೆರೆದು ಕಣ್ಣು ಮುಚ್ಚಿದ. ಬೆಳಕು ಮಾಯವಾಯಿತು. ಬಾಯಿ ಮುಚ್ಚಿ ಕಣ್ಣು ತೆರೆದ. ಬೆಳಕು ಬಂತು. ಮತ್ತೊಮ್ಮೆ ಮಾಡಿ ನೋಡಿದ. ಅದೇ ಉತ್ತರ! ಅಂದು ಸಂಜೆ ತಾನು ಕಂಡುಹಿಡಿದದ್ದನ್ನು ಮನೆಯವರಿಗೆ ಹೇಳಿದಾಗ ಎಲ್ಲರೂ ನಕ್ಕರು. (ನೀವು ಸೂರ್ಯನನ್ನು ನೇರವಾಗಿ ನೋಡಬೇಡಿ, ಕಣ್ಣಿಗೆ ಅಪಾಯ.)

ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದನ್ನು ಕಂಡುಕೊಂಡ ದಾರಿಯನ್ನು ನೋಡಿ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು, ಏನಾಗುತ್ತದೆಂದು ನೋಡಬೇಕು, ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಇದನ್ನೇ ನಾವು ಪ್ರಯೋಗ ಎನ್ನುತ್ತೇವೆ. ಫಾಬ್ರೆ ತಮ್ಮ ಜೀವನವಿಡೀ ಇದನ್ನೇ ಮಾಡಿದರು.

ಏಳನೆಯ ವಯಸ್ಸಿಗೆ ಹುಡುಗ ಊರಿಗೆ ಮರಳಿ ಶಾಲೆ ಸೇರಿದ. ಅಲ್ಲಿನ ಮೇಷ್ಟ್ರು ಪಾಠದ ಜೊತೆಗೆ ಊರಿನವರ ಕ್ಷೌರವನ್ನೂ ಮಾಡುತ್ತಿದ್ದರು, ಚರ್ಚಿನ ಗಂಟೆಯನ್ನೂ ಬಾರಿಸುತ್ತಿದ್ದರು. ಹಂದಿಮರಿಗಳು, ಕೋಳಿಮರಿಗಳು ತರಗತಿಯೊಳಗೇ ನುಗ್ಗುತ್ತಿದ್ದವು. ಹುಡುಗನಿಗೆ ಅಕ್ಷರ ತಲೆಗೆ ಹತ್ತಲಿಲ್ಲ. ಕೊನೆಗೆ ತಂದೆ ಪೇಟೆಯಿಂದ ಒಂದು ಚಿತ್ರಪಟ ತಂದರು. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಾಣಿಯ ಚಿತ್ರವಿತ್ತು. ಪ್ರಾಣಿಗಳ ಹಿಂದೆಯೇ ಅಕ್ಷರಗಳೂ ಬಂದವು! ಬಾತುಕೋಳಿ ಮರಿಗಳನ್ನು ಮೇಯಿಸಲು ಕಳುಹಿಸಿದರೆ ಅವನು ಹೊಂಡದ ಬಳಿ ಕುಳಿತು ಹುಳುಗಳನ್ನು ನೋಡುತ್ತಿದ್ದ, ಹೊಳೆಯುವ ಕಲ್ಲುಗಳನ್ನು ಜೇಬಿಗೆ ತುಂಬುತ್ತಿದ್ದ. ಜೇಬು ಹರಿದುಕೊಂಡು ಬಂದಾಗ ಮನೆಯಲ್ಲಿ ಬೈಗುಳ ಕಾದಿರುತ್ತಿತ್ತು.

ನಿಂಬೆಹಣ್ಣು ಮಾರಿದ ಹುಡುಗ

ಮನೆಯ ಬಡತನ ತೀರಲಿಲ್ಲ. ತಂದೆ ಊರಿಂದೂರಿಗೆ ಹೋಗಿ ಸಣ್ಣ ಹೋಟೆಲು ನಡೆಸಿದರು. ಎಲ್ಲಿಯೂ ಕೈಹಿಡಿಯಲಿಲ್ಲ. ಕೊನೆಗೆ ಮನೆಮಂದಿಯೆಲ್ಲ ಚದುರಿಹೋದರು. ಓದು ಅರ್ಧಕ್ಕೆ ನಿಂತಿತು. ಹದಿಹರೆಯದ ಫಾಬ್ರೆ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲುಹಳಿ ಹಾಕುವ ಕಡೆ ಕೂಲಿ ಮಾಡಿದ. ಆದರೂ ಪುಸ್ತಕ ಬಿಡಲಿಲ್ಲ. ಅವಿನ್ಯಾನ್ ಪಟ್ಟಣದ ಶಿಕ್ಷಕರ ತರಬೇತಿ ಶಾಲೆಯ ಪರೀಕ್ಷೆಗೆ ಕುಳಿತು ವಿದ್ಯಾರ್ಥಿವೇತನ ಗೆದ್ದ. 1842ರಲ್ಲಿ ತರಬೇತಿ ಮುಗಿಸಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ ಕಾರ್ಪಾಂತ್ರಾ ಎಂಬ ಊರಿನಲ್ಲಿ ಮೇಷ್ಟ್ರಾದ.

ಅಲ್ಲಿ ಅವರು ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ ಭೂಮಿ ಅಳತೆಯ ಪಾಠ ಮಾಡುತ್ತಿದ್ದರು. ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ಅಳತೆಯ ಗೂಟ ನೆಡಲು ಹೋದ ಹುಡುಗರು ಅಲ್ಲಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಏನೆಂದು ನೋಡಿದರೆ, ಕಲ್ಲುಗಳ ಮೇಲೆ ಮಣ್ಣಿನ ಗೂಡು ಕಟ್ಟುವ ಒಂದು ಜಾತಿಯ ಜೇನು ಅಲ್ಲಿತ್ತು. ಹುಡುಗರು ಹುಲ್ಲುಕಡ್ಡಿಯಿಂದ ಅದರ ಜೇನು ಹೀರುತ್ತಿದ್ದರು. ಮೇಷ್ಟ್ರೂ ಹೀರಿದರು! ಆ ಜೇನುಹುಳುವಿನ ಬಗ್ಗೆ ತಿಳಿಯಬೇಕೆಂದು ಒಂದು ಪುಸ್ತಕ ಕೊಂಡರು. ಅದರ ಬೆಲೆ ಅವರ ಒಂದು ತಿಂಗಳ ಸಂಬಳದಷ್ಟಿತ್ತು.

ಮುಂದೆ ಕಾರ್ಸಿಕ ದ್ವೀಪದಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದಾಗ ಮೋಕನ್ ಟಾಂಡನ್ ಎಂಬ ವಿಜ್ಞಾನಿಯ ಪರಿಚಯವಾಯಿತು. ಅವರು ಹೊಲಿಗೆಯ ಕತ್ತರಿ ಮತ್ತು ಸೂಜಿ ಹಿಡಿದು, ನೀರು ತುಂಬಿದ ತಟ್ಟೆಯಲ್ಲಿ ಬಸವನಹುಳುವಿನ ಒಳಭಾಗಗಳನ್ನು ಬಿಡಿಸಿ ತೋರಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದೆಯೂ ವಿಜ್ಞಾನ ಮಾಡಬಹುದು ಎಂಬ ಪಾಠ ಫಾಬ್ರೆಯವರ ಮನಸ್ಸಿನಲ್ಲಿ ಉಳಿಯಿತು.

ಸತ್ತಿರದ ಹುಳು

1853ರಲ್ಲಿ ಫಾಬ್ರೆ ಅವಿನ್ಯಾನ್‌ಗೆ ಮರಳಿದರು. ಆಗ ಅವರು ಲಿಯಾನ್ ಡ್ಯೂಫೋರ್ ಎಂಬ ಹೆಸರಾಂತ ವಿಜ್ಞಾನಿಯ ಲೇಖನವೊಂದನ್ನು ಓದಿದರು. ಒಂದು ಜಾತಿಯ ಕಣಜ ತನ್ನ ಮರಿಗಳಿಗಾಗಿ ಬಿಲದಲ್ಲಿ ಜೀರುಂಡೆಗಳನ್ನು ಕೂಡಿಡುತ್ತದೆ. ಅವು ಎಷ್ಟು ದಿನವಾದರೂ ಕೊಳೆಯುವುದಿಲ್ಲ. ಕಣಜ ಅವುಗಳನ್ನು ಕೊಂದು, ಕೊಳೆಯದಂತೆ ಏನೋ ಔಷಧ ಸೇರಿಸುತ್ತದೆ ಎಂದು ಡ್ಯೂಫೋರ್ ಊಹಿಸಿದ್ದರು.

ದೊಡ್ಡವರು ಹೇಳಿದ ಮಾತೆಂದು ಫಾಬ್ರೆ ಸುಮ್ಮನಾಗಲಿಲ್ಲ. ಅದೇ ಬಗೆಯ ಕಣಜಗಳ ಬಿಲ ಹುಡುಕಿ, ಬಿಸಿಲಲ್ಲಿ ಗಂಟೆಗಟ್ಟಲೆ ಕುಳಿತು ನೋಡಿದರು. ಬಿಲದೊಳಗಿನ ಜೀರುಂಡೆಗಳನ್ನು ಪರೀಕ್ಷಿಸಿದಾಗ ಅವುಗಳ ಕಾಲು ಇನ್ನೂ ಮಿಸುಕುತ್ತಿತ್ತು. ಅವು ಸತ್ತಿರಲಿಲ್ಲ! ಕಣಜ ತನ್ನ ಮುಳ್ಳನ್ನು ಕಾಲುಗಳನ್ನು ಆಡಿಸುವ ನರಗಳ ಗಂಟಿಗೇ ಚುಚ್ಚಿ ಅವುಗಳಿಗೆ ಪಾರ್ಶ್ವವಾಯು ಬರಿಸಿತ್ತು. ಹೀಗಾಗಿ ಮರಿಗಳಿಗೆ ದಿನವೂ ತಾಜಾ ಆಹಾರ. ಈ ಕೆಲಸಕ್ಕೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಬಂತು. ಚಾರ್ಲ್ಸ್ ಡಾರ್ವಿನ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಫಾಬ್ರೆಯವರ ಗಮನಿಸುವ ಶಕ್ತಿಯನ್ನು ಹೊಗಳಿದರು.

ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಮೇಷ್ಟ್ರ ಸಂಬಳ ವರ್ಷಗಟ್ಟಲೆ ಏರಲೇ ಇಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚಿದ್ದರು. ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಕೆಂಪು ಬಣ್ಣ ತೆಗೆಯುವ ಉತ್ತಮ ವಿಧಾನವೊಂದನ್ನು ಅವರು ಹಲವು ವರ್ಷ ದುಡಿದು ಕಂಡುಹಿಡಿದರು. ಇನ್ನೇನು ಕಷ್ಟ ತೀರಿತು ಎನ್ನುವಾಗಲೇ ಜರ್ಮನಿಯ ರಸಾಯನ ವಿಜ್ಞಾನಿಗಳು 1868ರಲ್ಲಿ ಅದೇ ಬಣ್ಣವನ್ನು ಕೃತಕವಾಗಿ ತಯಾರಿಸಿದರು. ಗಿಡದ ಬೇರನ್ನು ಕೇಳುವವರಿಲ್ಲದಾಯಿತು. ಮೇಷ್ಟ್ರ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತು.

ಪಾಠ ಹೇಳಿದ್ದೇ ತಪ್ಪಾಯಿತು

ಆ ಕಾಲದಲ್ಲಿ ಫ್ರಾನ್ಸಿನಲ್ಲಿಯೂ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಿರಲಿಲ್ಲ. ಫಾಬ್ರೆ ಅವಿನ್ಯಾನ್‌ನಲ್ಲಿ ಸಂಜೆಯ ವೇಳೆ ಎಲ್ಲರಿಗೂ ಉಚಿತವಾಗಿ ಪಾಠ ಮಾಡತೊಡಗಿದರು. ಹುಡುಗಿಯರೂ ಬಂದರು. ಹೂವಿನಲ್ಲಿ ಪರಾಗಸ್ಪರ್ಶ ಹೇಗಾಗುತ್ತದೆ, ಕಾಯಿ ಹೇಗೆ ಕಟ್ಟುತ್ತದೆ ಎಂದು ಅವರಿಗೂ ವಿವರಿಸಿದರು. ಇಂದು ನಿಮ್ಮ ಪಠ್ಯಪುಸ್ತಕದಲ್ಲೇ ಇರುವ ಪಾಠ ಅದು. ಆದರೆ ಊರಿನ ಕೆಲವರು ಇದನ್ನು ಸಹಿಸಲಿಲ್ಲ. ಹುಡುಗಿಯರಿಗೆ ಇಂಥದ್ದನ್ನು ಹೇಳಬಾರದೆಂದು ಕೂಗೆಬ್ಬಿಸಿದರು. ಮೇಷ್ಟ್ರು ಕೆಲಸ ಬಿಡಬೇಕಾಯಿತು. ಬಾಡಿಗೆ ಮನೆಯ ಒಡತಿಯರು ಒಂದು ತಿಂಗಳೊಳಗೆ ಮನೆ ಖಾಲಿ ಮಾಡಲು ಹೇಳಿದರು. ಇದು ನಡೆದದ್ದು 1870ರಲ್ಲಿ. ಫಾಬ್ರೆಯವರಿಗೆ ಆಗ ಐದು ಮಕ್ಕಳು. ಕೈಯಲ್ಲಿ ಹಣವಿಲ್ಲ.

ಆಗ ನೆರವಾದವರು ಅವರ ಜೊತೆ ಗಿಡಮೂಲಿಕೆ ಹುಡುಕುತ್ತ ಗುಡ್ಡ ಸುತ್ತುತ್ತಿದ್ದ ಗೆಳೆಯ, ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಅವರು 3,000 ಫ್ರಾಂಕ್ ಸಾಲ ಕೊಟ್ಟರು. ಪತ್ರ ಬರೆಸಿಕೊಳ್ಳಲಿಲ್ಲ, ಜಾಮೀನು ಕೇಳಲಿಲ್ಲ. ಫಾಬ್ರೆ ಆರೆಂಜ್ ಎಂಬ ಊರಿಗೆ ಹೋಗಿ ಮನೆ ಮಾಡಿದರು. ಮಕ್ಕಳಿಗಾಗಿ ವಿಜ್ಞಾನದ ಪಠ್ಯಪುಸ್ತಕಗಳನ್ನು ಹಗಲಿರುಳು ಬರೆದರು. ಅದರಿಂದ ಬಂದ ಹಣದಲ್ಲಿ ಸಾಲ ತೀರಿಸಿದರು.

ಅಷ್ಟರಲ್ಲಿ ಇನ್ನೊಂದು ದೊಡ್ಡ ಏಟು ಬಿತ್ತು. ಹುಳುಗಳನ್ನು ಹುಡುಕಲು ಸದಾ ತಂದೆಯ ಜೊತೆಗಿರುತ್ತಿದ್ದ ಮಗ ಜೂಲ್ಸ್, ಹದಿನಾರನೆಯ ವಯಸ್ಸಿನಲ್ಲಿ, 1877ರಲ್ಲಿ ತೀರಿಕೊಂಡ. ಫಾಬ್ರೆ ದುಃಖದಿಂದ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ, ತಾವು ಹೊಸದಾಗಿ ಕಂಡ ಕಣಜಗಳಿಗೆ ಮಗನ ಹೆಸರಿಟ್ಟರು.

ಕಲ್ಲುಭೂಮಿಯೇ ಪ್ರಯೋಗಾಲಯ

1879ರಲ್ಲಿ, ಐವತ್ತೈದು ದಾಟಿದ ಮೇಲೆ, ಫಾಬ್ರೆಯವರ ಬಹುದಿನದ ಆಸೆ ಕೈಗೂಡಿತು. ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಮನೆಯೊಂದಿಗೆ ಸ್ವಲ್ಪ ಜಮೀನು ಕೊಂಡರು. ಕಲ್ಲು ತುಂಬಿದ, ಮುಳ್ಳುಗಿಡ ಬೆಳೆದ ಪಾಳುಭೂಮಿ ಅದು. ಅಂಥ ಭೂಮಿಯನ್ನು ಆ ಕಡೆಯ ಜನ ಅರ್ಮಾಸ್ ಎನ್ನುತ್ತಾರೆ. ರೈತರಿಗೆ ಬೇಡವಾದ ನೆಲ, ಆದರೆ ಹುಳುಗಳಿಗೆ ಸ್ವರ್ಗ. ಫಾಬ್ರೆ ಅದನ್ನು ಉಳಲಿಲ್ಲ. ಜೇನು, ಕಣಜ, ಮಿಡತೆ, ಜೇಡ ಎಲ್ಲವೂ ತಮ್ಮ ಪಾಡಿಗೆ ಬದುಕಲು ಬಿಟ್ಟರು. ಇಂದು ವಿಜ್ಞಾನಿಗಳು ಕಾಡಿನಲ್ಲಿ, ಬಯಲಿನಲ್ಲಿ ಜೀವಿಗಳ ಅಧ್ಯಯನಕ್ಕೆಂದೇ ಕೇಂದ್ರಗಳನ್ನು ಕಟ್ಟಿಕೊಂಡು, ಅಲ್ಲಿಯೇ ಉಳಿದು ಕೆಲಸ ಮಾಡುತ್ತಾರೆ. ಫಾಬ್ರೆ ಸ್ವಂತ ಹಿತ್ತಲಿನಲ್ಲೇ ಅಂಥದ್ದೊಂದು ಕೇಂದ್ರವನ್ನು ಮಾಡಿಕೊಂಡರು. ಮುಂದಿನ 36 ವರ್ಷ ಅವರು ಬದುಕಿದ್ದು ಅಲ್ಲಿಯೇ. ಅಲ್ಲಿದ್ದ ಜೀವಿಗಳಲ್ಲಿ ಜೇಡಗಳು ಅವರಿಗೆ ಕೊಟ್ಟ ಉತ್ತರಗಳನ್ನು ಈಗ ನೋಡೋಣ.

ಗುಬ್ಬಿಮರಿಯ ಸಾವು

ಅರ್ಮಾಸಿನ ನೆಲದಲ್ಲಿ ಬಿಲ ತೋಡಿ ವಾಸಿಸುವ ದೊಡ್ಡ ಜೇಡಗಳಿದ್ದವು. ಬಿಲ ಸುಮಾರು ಒಂದು ಅಡಿ ಆಳ. ಬಾಯಿಯ ಸುತ್ತ ಹುಲ್ಲುಕಡ್ಡಿ, ಸಣ್ಣ ಕಲ್ಲುಗಳನ್ನು ರೇಷ್ಮೆಯ ಎಳೆಯಿಂದ ಬಿಗಿದು ಕಟ್ಟಿದ ಪುಟ್ಟ ಕಟ್ಟೆ. ಇವು ಬಲೆ ಹೆಣೆಯುವುದಿಲ್ಲ. ತೋಳದಂತೆ ಮೇಲೆ ಬಿದ್ದು ಬೇಟೆಯಾಡುತ್ತವೆ. ಅದಕ್ಕೇ ಇವಕ್ಕೆ ತೋಳ ಜೇಡ ಎಂಬ ಹೆಸರು.

ಇಂಥ ಜೇಡ ಕಚ್ಚಿದರೆ ಮನುಷ್ಯ ಹುಚ್ಚೆದ್ದು ಕುಣಿಯುತ್ತಾನೆಂದು ಇಟಲಿಯಲ್ಲಿ ಜನ ನಂಬಿದ್ದರು. ನಿಜವಾಗಿ ಅದರ ವಿಷದ ಶಕ್ತಿ ಎಷ್ಟು? ಫಾಬ್ರೆ ಒಂದು ದೊಡ್ಡ ದುಂಬಿಯನ್ನು ಸೀಸೆಯಲ್ಲಿ ಹಾಕಿ, ಸೀಸೆಯ ಬಾಯನ್ನು ಬಿಲದ ಬಾಯಿಗೆ ಹಿಡಿದರು. ಜೇಡ ಮೇಲೆ ಬಿದ್ದು ಕಚ್ಚಿತು. ಕುತ್ತಿಗೆಯ ಹಿಂಭಾಗಕ್ಕೆ ಕಚ್ಚಿದಾಗ ದುಂಬಿ ತಕ್ಷಣ ಸತ್ತಿತು. ಬೇರೆ ಕಡೆ ಕಚ್ಚಿಸಿದರೆ ಗಂಟೆಗಟ್ಟಲೆ ಬದುಕಿತ್ತು. ಎಲ್ಲಿ ಕಚ್ಚಬೇಕೆಂಬುದು ಜೇಡಕ್ಕೆ ಹುಟ್ಟಿನಿಂದಲೇ ಬಂದ ವಿದ್ಯೆ.

ಸರಿ, ದೊಡ್ಡ ಪ್ರಾಣಿಗೆ ಕಚ್ಚಿದರೆ? ಗೂಡು ಬಿಡಲು ಸಿದ್ಧವಾಗಿದ್ದ ಒಂದು ಗುಬ್ಬಿಮರಿಯ ಕಾಲಿಗೆ ಫಾಬ್ರೆ ಜೇಡದಿಂದ ಕಚ್ಚಿಸಿದರು. ಆ ಕಾಲು ಸ್ವಾಧೀನ ತಪ್ಪಿತು. ಆದರೂ ಮರಿ ಚೆನ್ನಾಗಿಯೇ ತಿನ್ನುತ್ತಿತ್ತು. ಫಾಬ್ರೆಯವರ ಹೆಣ್ಣುಮಕ್ಕಳು ಅದಕ್ಕೆ ನೊಣ, ರೊಟ್ಟಿಯ ಚೂರು, ಹಣ್ಣಿನ ತಿರುಳು ತಿನ್ನಿಸಿ ಉಪಚಾರ ಮಾಡಿದರು. ಬದುಕೀತು ಎಂದೇ ಎಲ್ಲರ ಆಸೆ. ಆದರೆ ಅದು ಕ್ರಮೇಣ ಆಹಾರ ಬಿಟ್ಟಿತು, ಗರಿ ಉಬ್ಬಿಸಿಕೊಂಡು ಮುದುಡಿ ಕುಳಿತಿತು, ಕೊನೆಗೆ ನಡುಗಿ ಸತ್ತುಹೋಯಿತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣಿನಲ್ಲೂ ತಮ್ಮ ಮೇಲಿನ ಆಕ್ಷೇಪಣೆ ಫಾಬ್ರೆಯವರಿಗೆ ಕಂಡಿತು. ಅವರ ಮನಸ್ಸೂ ನೊಂದಿತ್ತು. ಇಷ್ಟು ಸಣ್ಣ ಉತ್ತರಕ್ಕೆ ಇಷ್ಟು ದೊಡ್ಡ ಬೆಲೆಯೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಅದನ್ನು ಅವರು ಮುಚ್ಚಿಡದೆ ಪುಸ್ತಕದಲ್ಲಿ ಬರೆದಿದ್ದಾರೆ. ಆದರೂ ಉತ್ತರ ಪೂರ್ಣವಾಗಲೆಂದು ಒಂದು ಮೋಲ್ ಪ್ರಾಣಿಯ ಮೇಲೆಯೂ ಪ್ರಯೋಗ ಮಾಡಿದರು. ಅದೂ ಸತ್ತಿತು. ನೀವಾಗಿದ್ದರೆ ಈ ಪ್ರಯೋಗ ಮಾಡುತ್ತಿದ್ದಿರಾ? ಯೋಚಿಸಿ. ಇಂದು ಬೆನ್ನುಮೂಳೆಯುಳ್ಳ ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕಾನೂನಿನ ಕಟ್ಟುಪಾಡುಗಳಿವೆ.

ತಾಯಿ ಮತ್ತು ಬೆಂಡಿನ ಉಂಡೆ

ಈ ಜೇಡದ ತಾಯಿ ತನ್ನ ಮೊಟ್ಟೆಗಳನ್ನು ರೇಷ್ಮೆಯ ದುಂಡು ಚೀಲದಲ್ಲಿಟ್ಟು, ಅದನ್ನು ಬೆನ್ನತುದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಬಿಸಿಲು ಬಂದಾಗ ಬಿಲದ ಬಾಯಿಗೆ ಬಂದು, ಚೀಲವನ್ನು ನಿಧಾನವಾಗಿ ತಿರುಗಿಸುತ್ತ ಕಾವು ಕೊಡುತ್ತದೆ. ಮೂರು ನಾಲ್ಕು ವಾರ ಪ್ರತಿದಿನವೂ ಇದೇ ಕೆಲಸ. ಫಾಬ್ರೆ ಚಿಮುಟದಿಂದ ಚೀಲ ಕಿತ್ತುಕೊಳ್ಳಲು ಹೋದರೆ ಜೇಡ ಆ ಕಬ್ಬಿಣವನ್ನೇ ಕಚ್ಚಿತು.

ಎಂಥ ಪ್ರೀತಿ ಎನ್ನಿಸಿತಲ್ಲವೇ? ಫಾಬ್ರೆ ಒಂದು ಹೆಜ್ಜೆ ಮುಂದೆ ಹೋದರು. ಚೀಲ ತೆಗೆದು, ಅದೇ ಗಾತ್ರದ ಬೆಂಡಿನ ಉಂಡೆಯೊಂದನ್ನು ಇಟ್ಟರು. ಜೇಡ ಅದನ್ನೇ ಅಪ್ಪಿಕೊಂಡು, ಬೆನ್ನತುದಿಗೆ ಅಂಟಿಸಿಕೊಂಡು ಹೊರಟಿತು! ತನ್ನ ಮೊಟ್ಟೆಗೂ ಬೆಂಡಿಗೂ ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲ.

ಮೊಟ್ಟೆಯೊಡೆದಾಗ ಸುಮಾರು ಇನ್ನೂರು ಮರಿಗಳು ತಾಯಿಯ ಬೆನ್ನೇರುತ್ತವೆ. ಫಾಬ್ರೆ ಕುಂಚದಿಂದ ಅವುಗಳನ್ನು ಇನ್ನೊಂದು ತಾಯಿಜೇಡದ ಬಳಿಗೆ ಗುಡಿಸಿದರು. ಮರಿಗಳು ಹತ್ತಿರ ಸಿಕ್ಕ ಆ ಬೆನ್ನನ್ನೇ ಹತ್ತಿದವು. ಆ ತಾಯಿಯೂ ಸುಮ್ಮನೆ ಹೊತ್ತುಕೊಂಡಿತು. ನಾವು ಪ್ರೀತಿ ಎಂದು ಕರೆಯುವುದು ಬೇರೆ, ಜೇಡದ ಹುಟ್ಟುಗುಣ ಬೇರೆ ಎಂಬುದು ಹೀಗೆ ತಿಳಿಯಿತು. ನೋಡಿದ ಕೂಡಲೇ ತೀರ್ಮಾನಕ್ಕೆ ಬಂದಿದ್ದರೆ ಇದು ಗೊತ್ತಾಗುತ್ತಿತ್ತೇ?

ಗಾಳಿಯಲ್ಲಿ ಹಾರುವ ಮರಿಗಳು

ವಸಂತಕಾಲ ಬಂದಾಗ ಮರಿಗಳು ತಾಯಿಯ ಬೆನ್ನಿಳಿದು, ಸಿಕ್ಕ ಕಡ್ಡಿಯ ತುದಿಗೆ ಹತ್ತುತ್ತವೆ. ಅಲ್ಲಿ ಸಣ್ಣ ಎಳೆ ಬಿಡುತ್ತವೆ. ಎಳೆಯ ಜೊತೆಗೆ ಮರಿಯೂ ತೇಲಿಹೋಗುತ್ತದೆ. ರೆಕ್ಕೆಯಿಲ್ಲದ ಜೀವಿ ಹೀಗೆ ದೂರದ ಊರು ಸೇರುತ್ತದೆ. 1832ರಲ್ಲಿ ಡಾರ್ವಿನ್ ಪ್ರಯಾಣಿಸುತ್ತಿದ್ದ ಹಡಗಿನ ಮೇಲೆ, ದಡದಿಂದ ಬಹು ದೂರದ ಕಡಲಿನಲ್ಲಿ, ಇಂಥ ಸಾವಿರಾರು ಮರಿಜೇಡಗಳು ಬಂದಿಳಿದಿದ್ದವು.

ಎಳೆಯನ್ನು ಮೇಲಕ್ಕೆ ಎತ್ತುವುದು ಯಾವುದು? ಫಾಬ್ರೆ ಬಲೆ ಹೆಣೆಯುವ ಜೇಡದ ಮರಿಗಳನ್ನು ಮನೆಯೊಳಗೆ ತಂದು, ಬಾಗಿಲು ಕಿಟಕಿ ಮುಚ್ಚಿದರು. ಗಾಳಿ ಬೀಸದಿದ್ದರೂ ಎಳೆಗಳು ಮೇಲಕ್ಕೇ ಏರಿದವು. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತಿತ್ತು, ಅದೇ ಎಳೆಗಳನ್ನು ಎತ್ತುತ್ತಿತ್ತು. 2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೆ ಇನ್ನೊಂದು ವಿಷಯ ಸೇರಿಸಿದರು. ವಾತಾವರಣದಲ್ಲಿ ಸಹಜವಾಗಿರುವಂಥ ವಿದ್ಯುತ್ ಕ್ಷೇತ್ರವೂ, ಗಾಳಿಯಿಲ್ಲದಾಗ ಸಹ, ಜೇಡಗಳನ್ನು ಮೇಲಕ್ಕೆತ್ತಬಲ್ಲದು.

ಸುದ್ದಿ ತರುವ ತಂತಿ

ಕೆಲವು ಜೇಡಗಳು ಬಲೆ ಹೆಣೆದು, ಹಗಲಿನಲ್ಲಿ ದೂರದ ಎಲೆಯ ಮರೆಯಲ್ಲಿ ಅಡಗಿರುತ್ತವೆ. ಆದರೂ ಮಿಡತೆ ಬಿದ್ದ ಕೂಡಲೇ ಓಡಿಬರುತ್ತವೆ. ಹೇಗೆ ಗೊತ್ತಾಗುತ್ತದೆ? ಕಣ್ಣಿನಿಂದಲೇ?

ಫಾಬ್ರೆ ಸತ್ತ ಮಿಡತೆಯನ್ನು ಬಲೆಗೆ ಹಾಕಿದರು. ಜೇಡ ಬರಲಿಲ್ಲ. ಹುಲ್ಲುಕಡ್ಡಿಯಿಂದ ಅದನ್ನು ಅಲುಗಿಸಿದರು. ಜೇಡ ಓಡಿಬಂತು! ಕೆಂಪು ಉಣ್ಣೆಯ ಉಂಡೆ ಹಾಕಿ ಅಲುಗಿಸಿದರು. ಅದಕ್ಕೂ ಬಂದು ಎಳೆ ಸುತ್ತತೊಡಗಿತು. ಹಾಗಾದರೆ ಸುದ್ದಿ ಕೊಡುವುದು ನೋಟವಲ್ಲ, ಕಂಪನ. ಬಲೆಯ ನಡುವಿನಿಂದ ಜೇಡದ ಅಡಗುದಾಣದವರೆಗೆ ಒಂದು ಎಳೆ ಹೋಗಿತ್ತು. ಫಾಬ್ರೆ ಅದೊಂದನ್ನು ಮಾತ್ರ ಕತ್ತರಿಸಿ, ಜೀವಂತ ಮಿಡತೆಯನ್ನು ಬಲೆಗೆ ಹಾಕಿದರು. ಮಿಡತೆ ಬಲೆಯನ್ನೆಲ್ಲ ಅಲ್ಲಾಡಿಸಿದರೂ ಜೇಡಕ್ಕೆ ಗೊತ್ತೇ ಆಗಲಿಲ್ಲ. ಆ ಎಳೆಯೇ ಜೇಡದ ಟೆಲಿಗ್ರಾಫ್ ತಂತಿ!

ಮೊದಲ ಪ್ರಶ್ನೆಗೆ ಉತ್ತರ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಜೇಡ ತನ್ನ ಬಲೆಗೆ ಏಕೆ ಅಂಟುವುದಿಲ್ಲ?

ಬಲೆಯ ಎಲ್ಲ ಎಳೆಗಳೂ ಅಂಟಲ್ಲ. ಚಕ್ರದ ಅರೆಗಳಂತಿರುವ ಎಳೆಗಳು ಒಣಗಿರುತ್ತವೆ. ಸುತ್ತಿ ಸುತ್ತಿ ಬರುವ ಎಳೆಗಳಲ್ಲಿ ಮಾತ್ರ ಅಂಟಿನ ಸಣ್ಣ ಸಣ್ಣ ಹನಿಗಳಿವೆ. ಆದರೆ ಬೇಟೆ ಹಿಡಿಯುವಾಗ ಜೇಡ ಆ ಅಂಟಿನ ಎಳೆಗಳನ್ನೂ ತುಳಿಯುತ್ತದೆ. ಫಾಬ್ರೆಯವರಿಗೆ ಬಾಲ್ಯದ ಒಂದು ಸಂಗತಿ ನೆನಪಾಯಿತು. ಹಕ್ಕಿ ಹಿಡಿಯಲು ಕಡ್ಡಿಗಳಿಗೆ ಅಂಟು ಸವರುವ ಮುನ್ನ ಹುಡುಗರು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಜೇಡದ ಕಾಲಿನಲ್ಲೂ ಎಣ್ಣೆಯಿದೆಯೇ?

ಎಣ್ಣೆ ಸವರಿದ ಕಡ್ಡಿಯನ್ನು ಎಳೆಗೆ ತಾಗಿಸಿದರು. ಅಂಟಲಿಲ್ಲ. ಒಣ ಕಡ್ಡಿ ಅಂಟಿತು. ಜೇಡದ ಒಂದು ಕಾಲನ್ನು ತೆಗೆದು ತಾಗಿಸಿದರು. ಅಂಟಲಿಲ್ಲ. ಅದೇ ಕಾಲನ್ನು ಜಿಡ್ಡು ಕರಗಿಸುವ ಕಾರ್ಬನ್ ಡೈಸಲ್ಫೈಡ್ ದ್ರವದಲ್ಲಿ ನೆನೆಸಿ ತೊಳೆದು ಮತ್ತೆ ತಾಗಿಸಿದರು. ಈಗ ಅಂಟಿಕೊಂಡಿತು! ಕಾಲಿನ ಮೇಲಿನ ತೆಳುವಾದ ಜಿಡ್ಡೇ ಜೇಡವನ್ನು ಕಾಪಾಡುತ್ತಿತ್ತು.

ಫಾಬ್ರೆಯವರ ಉತ್ತರ ಸರಿಯೇ? ಮಧ್ಯ ಅಮೆರಿಕದಲ್ಲಿ ಕೆಲಸ ಮಾಡುವ ಸ್ಮಿತ್‌ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆ ಮತ್ತು ಕೋಸ್ಟರಿಕ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕ, ವಿಡಿಯೋ ಇಟ್ಟುಕೊಂಡು ಇದನ್ನೇ ಮತ್ತೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ತೊಳೆದ ಕಾಲು ಹೆಚ್ಚು ಅಂಟುತ್ತದೆ ಎಂಬುದು ನಿಜವಾಯಿತು. ಕಾಲಿನ ಕವಲುಗೂದಲುಗಳು ಮತ್ತು ಜೇಡ ಕಾಲನ್ನು ಎಚ್ಚರದಿಂದ ಎತ್ತಿಡುವ ರೀತಿಯೂ ಅಂಟದಿರಲು ನೆರವಾಗುತ್ತವೆ ಎಂದು ಅವರು ಕಂಡರು.

ಮೇಷ್ಟ್ರೂ ತಪ್ಪಿದ್ದುಂಟು

ಫಾಬ್ರೆ ಹೇಳಿದ್ದೆಲ್ಲ ಸರಿಯಲ್ಲ. ತಾಯಿಯ ಬೆನ್ನಿನ ಮೇಲಿರುವ ಮರಿಗಳು ತಿಂಗಳುಗಟ್ಟಲೆ ಏನನ್ನೂ ತಿನ್ನದಿದ್ದುದನ್ನು ಕಂಡು, ಅವು ಬಿಸಿಲಿನಿಂದಲೇ ಶಕ್ತಿ ಪಡೆಯುತ್ತವೆಯೋ ಏನೋ ಎಂದು ಅವರು ಯೋಚಿಸಿದ್ದರು. ಮೊಟ್ಟೆಯ ಹಳದಿ ಭಾಗ ಮರಿಗಳ ದೇಹದಲ್ಲಿ ಉಳಿದಿರುತ್ತದೆ, ಅದೇ ಅವುಗಳ ಬುತ್ತಿ ಎಂದು ಈಗ ತಿಳಿದಿದೆ. ಡಾರ್ವಿನ್ ಅವರ ಗೆಳೆತನವಿದ್ದರೂ ಜೀವವಿಕಾಸದ ವಾದವನ್ನು ಫಾಬ್ರೆ ಕೊನೆಯವರೆಗೂ ಒಪ್ಪಲಿಲ್ಲ. ಜೇಡ ಕಣಜಗಳ ಹುಟ್ಟುಗುಣಗಳೂ ಜೀವವಿಕಾಸದಿಂದಲೇ ರೂಪುಗೊಂಡವು ಎಂಬುದು ಇಂದಿನ ವಿಜ್ಞಾನದ ತಿಳಿವಳಿಕೆ. ಆದರೆ ಅವರು ನೋಡಿದ್ದನ್ನು ನೋಡಿದಂತೆಯೇ ಬರೆದಿಟ್ಟಿದ್ದರಿಂದ, ಅವರ ತಪ್ಪುಗಳನ್ನು ಬೇರೆಯವರು ತಿದ್ದಲು ಸಾಧ್ಯವಾಯಿತು.

ಅವರ ಕೀಟ ಜೀವನದ ನೆನಪುಗಳು 1879ರಿಂದ 1907ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾದವು. ಜಗತ್ತಿನ ಹಲವು ಭಾಷೆಗಳಿಗೆ ಹೋದವು. ಜಪಾನಿನ ಮಕ್ಕಳು ಇಂದಿಗೂ ಅವುಗಳನ್ನು ಓದುತ್ತಾರೆ. ಮುಪ್ಪಿನಲ್ಲಿಯೂ ಬಡತನ ಕಾಡಿತು. 1910ರಲ್ಲಿ, ಅವರಿಗೆ 86 ವರ್ಷವಾಗಿದ್ದಾಗ, ಅಭಿಮಾನಿಗಳು ಸೆರಿನ್ಯಾನ್‌ಗೇ ಬಂದು ಸನ್ಮಾನ ಮಾಡಿದರು. 1915ರ ಅಕ್ಟೋಬರ್ 11ರಂದು ಅವರು ತೀರಿಕೊಂಡರು. ಅರ್ಮಾಸನ್ನು 1922ರಲ್ಲಿ ಫ್ರಾನ್ಸ್ ಸರ್ಕಾರ ಕೊಂಡಿತು. ಇಂದು ಅದೊಂದು ವಸ್ತುಸಂಗ್ರಹಾಲಯ.

ನೀವೂ ಕೇಳಿ ನೋಡಿ

ಫಾಬ್ರೆ ನೋಡಿದ ಬಲೆಯ ಜೇಡಗಳಲ್ಲಿ ಆರ್ಜಿಯೋಪ್ ಎಂಬ ಗುಂಪಿನವೂ ಇದ್ದವು. ಅದೇ ಗುಂಪಿನ ಬೇರೆ ಜಾತಿಗಳು ಕರ್ನಾಟಕದ ತೋಟ, ಬೇಲಿಗಳಲ್ಲಿವೆ. ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನಂತೆ ಕುಳಿತಿರುವ ಜೇಡ ಕಂಡರೆ ಅದು ಇದೇ ಇರಬಹುದು. ಬಲೆಯಲ್ಲಿ ಅಂಕುಡೊಂಕಾದ ಬಿಳಿ ಪಟ್ಟಿಯಿದೆಯೇ ನೋಡಿ.

ಜೇಡವನ್ನು ಮುಟ್ಟಬೇಡಿ, ಬಲೆಯನ್ನು ಹರಿಯಬೇಡಿ. ಒಂದು ಒಣ ಹುಲ್ಲುಕಡ್ಡಿ ಸಾಕು. ಅದರ ತುದಿಯನ್ನು ಮೊದಲು ಅರೆಯಂತಹ ಎಳೆಗೆ, ಆಮೇಲೆ ಸುತ್ತುವ ಎಳೆಗೆ ಮೆಲ್ಲನೆ ತಾಗಿಸಿ. ಯಾವುದು ಅಂಟಿತು? ಬಲೆಯ ಅಂಚನ್ನು ಕಡ್ಡಿಯಿಂದ ಹಗುರವಾಗಿ ಅಲುಗಿಸಿ. ಜೇಡ ಬಂತೇ, ಓಡಿಹೋಯಿತೇ, ಸುಮ್ಮನಿತ್ತೇ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ದಿನಾಂಕ, ಸಮಯ, ಕಂಡದ್ದು, ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಗೆಳೆಯರು ಕಂಡದ್ದಕ್ಕೂ ನೀವು ಕಂಡದ್ದಕ್ಕೂ ವ್ಯತ್ಯಾಸ ಬಂದರೆ ಜಗಳವಾಡಬೇಡಿ. ಇಬ್ಬರೂ ಮತ್ತೆ ಬೇಲಿಯ ಬಳಿಗೆ ಹೋಗಿ ಜೇಡವನ್ನೇ ಕೇಳಿ.